ಸೂಜಕ್ಕನ ಏಳು ಶಿಷ್ಯರು ಮತ್ತು ಒಬ್ಬ ‘ಇತರೆ’

ಆರೋಗ್ಯ ಕೇಂದ್ರದ ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆದರೆ ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಮೂವತ್ತೊಂದು ವರ್ಷದಿಂದ ಊರಿಗೆಲ್ಲ ಅವಳು ಸೂಜಕ್ಕ. ಸೂಜಿ ಹಿಡಿದ ಅಕ್ಕ ಸೂಜಕ್ಕ. ಈ ಸಂಧಿ ಬಿಡಿಸಲು ವ್ಯಾಕರಣದ ಮೇಷ್ಟ್ರು ಬೇಕಿರಲಿಲ್ಲ, ತೊಡೆಗೆ ಒಮ್ಮೆ ಚುಚ್ಚಿಸಿಕೊಂಡ ಯಾವ ಕೂಸಾದರೂ ಬಿಡಿಸುತ್ತಿತ್ತು.

ಊಟ ಮಾಡದ ಮಕ್ಕಳಿಗೆ ಆ ಊರಿನ ತಾಯಂದಿರು ಗುಮ್ಮನ ಹೆಸರು ಹೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. “ತಿಂತೀಯೋ, ಸೂಜಕ್ಕನ್ನ ಕರೀಲೋ?” ಎಂದರೆ ಸಾಕು, ತಟ್ಟೆ ಖಾಲಿ. ಅವಳು ಬೀದಿಯಲ್ಲಿ ನಡೆದು ಬಂದರೆ ಆಟ ನಿಲ್ಲುತ್ತಿತ್ತು. ಆಡುವವರು ಮಾಯವಾಗಿ ಚೆಂಡೊಂದೇ ರಸ್ತೆಯ ನಡುವೆ ಅನಾಥವಾಗಿ ಉರುಳುತ್ತಿತ್ತು. ಅವಳು ಅದನ್ನು ಎತ್ತಿ ಬದಿಗಿಟ್ಟು, ‘ಈಗಿನ ಮಕ್ಕಳಿಗೆ ವಸ್ತುವಿನ ಬೆಲೆಯೇ ಗೊತ್ತಿಲ್ಲ’ ಎಂದುಕೊಂಡು ಮುಂದೆ ಹೋಗುತ್ತಿದ್ದಳು.

ಜನ ತನಗೆ ಹೆದರುತ್ತಾರೆ ಎಂಬುದು ಪಾಪ, ಅವಳಿಗೆ ಗೊತ್ತೇ ಇರಲಿಲ್ಲ. ‘ನನ್ನ ಕೈ ಹಗುರ’ ಎಂಬುದು ಅವಳ ಹೆಮ್ಮೆ. ಅದು ಸುಳ್ಳೂ ಅಲ್ಲ, ಕೈ ಹೂವಿನಷ್ಟು ಹಗುರವೇ. ಭಾರವಾದದ್ದು ಮುಖ. ಸೂಜಿ ಕೈಗೆ ಬಂದದ್ದೇ ತಡ, ಗಮನವೆಲ್ಲ ಅದರ ಮೊನೆಗೆ ಹೋಗಿ ಹುಬ್ಬು ಗಂಟಿಕ್ಕುತ್ತಿತ್ತು, ತುಟಿ ಬಿಗಿಯುತ್ತಿತ್ತು, ಎಡಗಣ್ಣು ಅರ್ಧ ಮುಚ್ಚುತ್ತಿತ್ತು. ಎದುರಿಗೆ ಕುಳಿತವರಿಗೆ, ಏಳು ತಲೆಮಾರಿನ ಸೇಡು ತೀರಿಸಿಕೊಳ್ಳಲು ಬಂದವಳಂತೆ ಕಾಣುತ್ತಿದ್ದಳು. ಮಾತಂತೂ ಇಲ್ಲ. ಚುಚ್ಚುವ ಮುಂಚೆ ಒಂದು “ಹೂಂ”, ಚುಚ್ಚಿದ ಮೇಲೆ ಒಂದು “ಹೂಂ”.

ಅವಳ ಗಂಡನದು ಕೇಂದ್ರದ ಎದುರಿಗೇ ಹೊಲಿಗೆ ಅಂಗಡಿ. ಒಂದೇ ಮನೆಯಲ್ಲಿ ಎರಡು ಸೂಜಿ, ಒಂದು ಜನರನ್ನು ಚುಚ್ಚುವುದು, ಇನ್ನೊಂದು ಬಟ್ಟೆಯನ್ನು. ಊರಿಗೆಲ್ಲ ಅವಳು ಅಕ್ಕನಾದ ಮೇಲೆ ಅವನು ತಾನಾಗಿಯೇ ಊರಿಗೆಲ್ಲ ಭಾವ. ಭಾವ ಬಹಳ ಮೆತ್ತನೆಯ ಮನುಷ್ಯ. ಗಿರಾಕಿಗಳ ಸೊಂಟದ ಅಳತೆ ತೆಗೆಯುವಾಗ ಎರಡು ಅಂಗುಲ ಕಡಿಮೆ ಮಾಡಿ ಜೋರಾಗಿ ಹೇಳಿ, ನಿಜವಾದದ್ದನ್ನು ಗುಟ್ಟಾಗಿ ಬರೆದುಕೊಳ್ಳುವಷ್ಟು ಮೆತ್ತನೆಯವನು.

ಹೀಗೆ ಎಲ್ಲ ಸುಸೂತ್ರವಾಗಿ ನಡೆದಿದ್ದಾಗ ಕೇಂದ್ರಕ್ಕೆ ಹೊಸ ಡಾಕ್ಟರಮ್ಮ ಬಂದಳು. ಸೂಜಕ್ಕನ ಸೇವೆಗೆ ಎಷ್ಟು ವರ್ಷವೋ ಹೆಚ್ಚುಕಡಿಮೆ ಅಷ್ಟೇ ಅವಳ ವಯಸ್ಸು. ಲಸಿಕೆಯ ದಿನ ನಲವತ್ತು ಮಕ್ಕಳು ಬರಬೇಕಾದಲ್ಲಿ ಹದಿನಾರು ಬಂದದ್ದನ್ನೂ, ಅದರಲ್ಲಿ ಎರಡು ಬಾಗಿಲಿನಿಂದಲೇ ತಾಯಂದಿರನ್ನು ಎಳೆದುಕೊಂಡು ಓಡಿದ್ದನ್ನೂ ಅವಳು ಕಣ್ಣಾರೆ ಕಂಡಳು. ಯಾಕೆ ಹೀಗೆ ಎಂದು ಮೂವರನ್ನು ವಿಚಾರಿಸಿದಳು. ಮೂವರೂ ಚುಚ್ಚುಮದ್ದಿನ ಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. ಡಾಕ್ಟರಮ್ಮನಿಗೆ ಅರ್ಥವಾಯಿತು. ಆದರೆ ಅರ್ಥವಾದದ್ದನ್ನು ಸೂಜಕ್ಕನ ಮುಖಕ್ಕೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಅದಕ್ಕೆ ಸುತ್ತುದಾರಿ ಹಿಡಿದಳು.

“ಅಕ್ಕ, ಹೈಸ್ಕೂಲಿನ ಏಳು ಹುಡುಗ್ರು ಸ್ವಯಂಸೇವಕರಾಗಿ ಬರ್ತಾರೆ. ಮನೆಮನೆಗೆ ಹೋಗಿ ಲಸಿಕೆ ಬಗ್ಗೆ ಮಾತಾಡ್ತಾರೆ. ಅವ್ರಿಗೆ ನೀವು ಟ್ರೇನಿಂಗ್ ಕೊಡಬೇಕು.”

“ನಾನಾ? ನಾನು ಮಾತಾಡೋಳಲ್ಲ ಡಾಕ್ಟ್ರೇ, ಚುಚ್ಚೋಳು.”

“ಅದಕ್ಕೇ,” ಎಂದಳು ಡಾಕ್ಟರಮ್ಮ. ಯಾಕೆ ‘ಅದಕ್ಕೇ’ ಎಂದು ಕೇಳಿದ್ದರೆ ಅವಳು ಪೇಚಿಗೆ ಸಿಕ್ಕುತ್ತಿದ್ದಳು. ಪುಣ್ಯಕ್ಕೆ ಸೂಜಕ್ಕ ಕೇಳಲಿಲ್ಲ.

ತರಬೇತಿಗೆ ಕೊಟ್ಟದ್ದು ಮಹಡಿಯ ಮೇಲಿನ ಉಗ್ರಾಣ. ಅಲ್ಲಿ ಒಂದು ಹಳೆಯ ಕಬ್ಬಿಣದ ಬೀರು, ಕೊನೆಯ ಮೂರು ಸಾಲು ಹರಿದುಹೋದ ಕಣ್ಣು ಪರೀಕ್ಷೆಯ ಪಟ, ಮೇಲೆ ಯಾರೂ ಇಲ್ಲದಿದ್ದರೂ ನಾಲ್ಕು ಕಿಲೋ ತೋರಿಸುವ ಕೂಸಿನ ತೂಕದ ಯಂತ್ರ, ಎಂಟು ಕುರ್ಚಿ, ಒಂದು ಬೆಂಚು ಇದ್ದವು. ಬಂದ ಏಳೂ ಜನ ಕುರ್ಚಿಗಳನ್ನು ಬಿಟ್ಟು ಬಾಗಿಲ ಪಕ್ಕದ ಬೆಂಚಿನ ಮೇಲೆ ಒತ್ತೊತ್ತಾಗಿ ಕುಳಿತರು. ನಾಲ್ಕು ಜನರ ಬೆಂಚು ಅದು. ಕೊನೆಯವನ ಅರ್ಧ ದೇಹ ಗಾಳಿಯಲ್ಲಿತ್ತು.

ಸೂಜಕ್ಕ ಪಟ್ಟಿ ನೋಡಲಿಲ್ಲ. ಮುಖ ನೋಡಿ ಹಾಜರಿ ಹಾಕಿದಳು.

“ನೀನು ಎಡ ತೊಡೆ. ಮೂರನೇ ಡೋಸಿಗೆ ನನ್ನ ಕನ್ನಡಕ ಕಿತ್ತು ಎಸೆದೆ.” ಇದು ಗಾಳಿಯಲ್ಲಿದ್ದ ಹುಡುಗನಿಗೆ. ಉದ್ದಕ್ಕೆ ಬೆಳೆದು, ಎಲ್ಲಿ ಕುಳಿತರೂ ಕಾಲು ಮಡಚಲು ಜಾಗ ಹುಡುಕುತ್ತಿದ್ದ ಅವನನ್ನು ಗೆಳೆಯರು ಕೊಕ್ಕರೆ ಎನ್ನುತ್ತಿದ್ದರು.

“ನೀನು ಚುಚ್ಚೋಕೆ ಮುಂಚೆ ಅತ್ತೆ, ಚುಚ್ಚಿದ ಮೇಲೂ ಅತ್ತೆ, ಮನೆ ಮುಟ್ಟೋವರ್ಗೂ ಅಳ್ತಾನೇ ಹೋದೆ. ಸೌಂಡು ಕೆಳಗಿನ ಬೀದಿಗೂ ಕೇಳ್ತಿತ್ತು.” ಇದು ಮಿಕ್ಸಿಗೆ. ಆ ಹುಡುಗಿ ಮಾತಿಗೆ ಶುರುಮಾಡಿದರೆ ಯಾರಾದರೂ ಸ್ವಿಚ್ ಆರಿಸುವ ತನಕ ನಿಲ್ಲುತ್ತಿರಲಿಲ್ಲ.

“ನೀನು ಅಳಲೇ ಇಲ್ಲ. ನನ್ನನ್ನೇ ದುರುಗುಟ್ಟಿ ನೋಡ್ತಿದ್ದೆ. ಮುಂದೆ ಕೇಸು ಹಾಕ್ತಾನೆ ಅಂದ್ಕೊಂಡಿದ್ದೆ.” ಇದು ವಕೀಲನಿಗೆ. ಯಾರು ಏನೇ ಹೇಳಲಿ, ಅದರ ಎದುರು ಪಕ್ಷ ವಹಿಸುವುದು ಅವನ ಹುಟ್ಟುಗುಣ.

ಹೀಗೆ ಏಳೂ ಜನರ ಜಾತಕ ಹೇಳಿ ಮುಗಿಸಿದಳು. ಅವಳು ಹೇಳಿದ್ದು ಅಕ್ಕರೆಯಿಂದಲೇ. ಆದರೆ ಬೆಂಚಿನ ಮೇಲೆ ಏಳು ಕೈಗಳು ತಮಗರಿವಿಲ್ಲದೆ ಏಳು ತೊಡೆಗಳನ್ನು ಮುಚ್ಚಿಕೊಂಡಿದ್ದವು.

ಆಮೇಲೆ ಅರವತ್ತನಾಲ್ಕು ಪುಟದ ಕೈಪಿಡಿ ತೆಗೆದು ಓದತೊಡಗಿದಳು. ಒಂಬತ್ತನೆಯ ಪುಟಕ್ಕೆ ಬರುವಾಗ ಕೊಕ್ಕರೆ ಪಕ್ಕಕ್ಕೆ ವಾಲಿ, ತೂಕದ ಯಂತ್ರದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಯಂತ್ರ ಒಂಬತ್ತು ಕಿಲೋ ತೋರಿಸುತ್ತಿತ್ತು. ಉಳಿದವರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ಶಾಲೆಯಲ್ಲಿ ಕಲಿತಿದ್ದರು.

ಸೂಜಕ್ಕ ಪುಸ್ತಕ ಮುಚ್ಚಿದಳು. “ಸಾಕು. ನಾನು ಮನೆಯಾಕೆ. ಲಸಿಕೆ ಬೇಡ ಅಂತೀನಿ. ನೀವು ಬಾಗಿಲು ತಟ್ಟಿ ಒಪ್ಪಿಸಿ.” ಎಂದು ಬೀರುವಿನ ಹಿಂದೆ ಹೋಗಿ ನಿಂತಳು.

ಅಲ್ಲಿ ಒಂದು ಸೋಜಿಗ ನಡೆಯಿತು. ಮೂವತ್ತೊಂದು ವರ್ಷ ಊರಿನವರ ನೆಪಗಳನ್ನೆಲ್ಲ “ಹೂಂ” ಎಂದು ಕೇಳಿಸಿಕೊಂಡಿದ್ದಳಲ್ಲ, ಅವೆಲ್ಲ ಅವಳ ಹೊಟ್ಟೆಯಲ್ಲಿ ಹಾಗೆಯೇ ಬೆಚ್ಚಗೆ ಕುಳಿತಿದ್ದವು. ಮಿಕ್ಸಿ ಬೀರು ತಟ್ಟಿದ್ದೇ ತಡ, ಕಟ್ಟೆಯೊಡೆದಂತೆ ಹೊರಬಂದವು. ಬೀರುವಿನ ಮರೆಯಿಂದ ಇಣುಕಿದ್ದು ಸೂಜಕ್ಕನಲ್ಲ, ಸೊಂಟದ ಮೇಲೆ ಕೈಯಿಟ್ಟ ಯಾರೋ ಜಗಳಗಂಟಿ.

“ಏನಮ್ಮಾ, ಏನ್ ಮಾರೋಕ್ ಬಂದೆ?”

“ಏನೂ ಮಾರಲ್ಲ ಆಂಟಿ, ಲಸಿಕೆ...”

“ನಮ್ಮ ಮನೇಲಿ ಯಾರಿಗೂ ಕಾಯಿಲೆ ಬರಲ್ಲ.”

“ಬರದೇ ಇರ್ಲಿ ಅಂತಾನೇ ಹಾಕೋದು.”

“ಅದೇ, ಬರ್ಲೇ ಇಲ್ವಲ್ಲ. ಮಳೆ ಬರದೇ ಇರೋ ದಿನ ಕೊಡೆ ಹಿಡ್ಕೊಂಡು ಓಡಾಡ್ತೀಯಾ ನೀನು?”

ಮಿಕ್ಸಿಯ ಸ್ವಿಚ್ ಮೊಟ್ಟಮೊದಲ ಬಾರಿಗೆ ತಾನಾಗಿಯೇ ಆರಿತು. ಮುಂದಿನ ಸರದಿ ಕೊಕ್ಕರೆಯದು. ಅವನಿಗೆ ಬಾಗಿಲು ತೆರೆದದ್ದು ಕೆಮ್ಮುವ ಮುದುಕ. “ನಮ್ಮಪ್ಪ ಒಂದು ಸೂಜೀನೂ ಕಾಣ್ದೆ ತೊಂಬತ್ತು ವರ್ಷ ಗುಂಡುಕಲ್ಲಿನ ಹಾಗಿದ್ದ. ನೀನು ನೋಡು, ಎಲ್ಲ ಸೂಜಿ ಹಾಕಿಸ್ಕೊಂಡೂ ಬೆಂಡಿನ ಥರ ಇದ್ದೀಯ.” ಕೊಕ್ಕರೆ ತನ್ನ ಕೈಕಾಲು ನೋಡಿಕೊಂಡು, “ಹೌದಲ್ವಾ” ಎಂದು ವಾಪಸು ಬಂದ.

ವಕೀಲನಂತೂ ಬೀರುವಿನ ತನಕ ಹೋಗಿ, ಐದು ನಿಮಿಷ ಕೇಳಿ, “ಇವ್ರು ಹೇಳೋದ್ರಲ್ಲಿ ಪಾಯಿಂಟ್ ಇದೆ” ಎಂದು ಅವಳ ಪಕ್ಕದಲ್ಲೇ ನಿಂತುಬಿಟ್ಟ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಜನ ಬೀರುವಿನ ಪಕ್ಷಕ್ಕೆ ಸೇರಿದ್ದರು. ತರಬೇತಿ ಹೇಗೆ ನಡೆದಿದೆ ನೋಡೋಣವೆಂದು ಮೆಟ್ಟಿಲು ಹತ್ತಿ ಬಂದ ಡಾಕ್ಟರಮ್ಮನಿಗೆ, ತನ್ನ ಹಿರಿಯ ದಾದಿ “ಪ್ರಾಣ ಹೋದ್ರೂ ಲಸಿಕೆ ಬೇಡ” ಎಂದು ಗುಡುಗುವುದೂ, ಸ್ವಯಂಸೇವಕರು ಚಪ್ಪಾಳೆ ತಟ್ಟುವುದೂ ಕೇಳಿಸಿತು. ಕಂಬಿ ಹಿಡಿದುಕೊಂಡು ಮೆಲ್ಲಗೆ ಕೆಳಗಿಳಿದು ಹೋಗಿ, ಕುರ್ಚಿಯಲ್ಲಿ ಕುಳಿತು ಒಂದು ಲೋಟ ನೀರು ಕುಡಿದಳು.

ಮಾರನೆಯ ದಿನ ವಕೀಲನೇ ಎದ್ದು ನಿಂತ. ರಾತ್ರಿ ತನ್ನ ಮನೆಯಲ್ಲೇ ವಿಚಾರಣೆ ನಡೆಸಿ ಬಂದಿದ್ದನಂತೆ. “ಅಕ್ಕ, ನಿನ್ನೆ ಮುದುಕನ್ನ ಕರೀರಿ. ಒಂದು ಪ್ರಶ್ನೆ ಇದೆ.”

ಸೂಜಕ್ಕ ಬೀರುವಿನ ಹಿಂದೆ ಹೋಗಿ ಕೆಮ್ಮಿದಳು.

“ತಾತ, ತೊಂಬತ್ತು ವರ್ಷ ಬದುಕಿದ್ರಲ್ಲ ನಿಮ್ಮಪ್ಪ, ಅವ್ರಿಗೆ ಅಣ್ಣತಮ್ಮ ಅಕ್ಕತಂಗಿ ಎಷ್ಟು ಜನ ಹುಟ್ಟಿದ್ರು?”

ಕೆಮ್ಮು ನಿಂತಿತು. “ಒಂಬತ್ತು,” ಎಂದಿತು ದನಿ.

“ದೊಡ್ಡವರಾದೋರು ಎಷ್ಟು?”

ಈ ಸಲ ಸೂಜಕ್ಕ ತನ್ನದೇ ದನಿಯಲ್ಲಿ, “ಮೂರು. ನಮ್ಮಜ್ಜನ ಮನೇದೇ ಲೆಕ್ಕ ಅದು,” ಎಂದಳು. ಹೊರಗೆ ಬಂದು ಅವನ ತಲೆಯ ಮೇಲೆ ಒಂದು ಮೊಟಕಿದಳು. ಅದು ಶಭಾಸ್‌ಗಿರಿ ಎಂದು ತಿಳಿಯಲು ಅವನಿಗೆ ಎರಡು ದಿನ ಬೇಕಾಯಿತು.

ಬೆಂಚಿನವರು ಆ ದಿನ ಕುರ್ಚಿಗೆ ಬಂದರು. ಸೂಜಕ್ಕ ಕೈಪಿಡಿಯನ್ನು ತೂಕದ ಯಂತ್ರದ ಮೇಲೆ ಹಾಕಿ, ತನ್ನ ಅನುಭವದಿಂದಲೇ ಹೇಳತೊಡಗಿದಳು. ಉಪದೇಶ ಮಾಡಬೇಡಿ, ಕೇಳಿ. ಬೈದರೆ ಬಾಗಿಲು ಮುಚ್ಚುತ್ತದೆ. ಒಬ್ಬರ ಮನೆಗೆ ಮೂರು ಸಲ ಹೋಗಿ: ಮೊದಲ ಸಲ ಬರೀ ಮಾತು, ಎರಡನೇ ಸಲ ಭಯ ಏನು ಅಂತ ಕೇಳೋದು, ಮೂರನೇ ಸಲ ಜೊತೆಗೆ ನಡೆದು ಕರ್ಕೊಂಡು ಬರೋದು.

“ಇನ್ನೊಂದು. ಮನೆಯೊಳಗೆ ಕೇಳಿದ್ದು ಮನೆಯೊಳಗೇ ಇರ್ಬೇಕು. ಫಾರಂನಲ್ಲಿ ಹೆಸರು ಬರೀಬೇಡಿ. ವಯಸ್ಸು, ಕೆಲಸ, ಕಾರಣ, ಅಷ್ಟೇ. ಯಾರು ಹೇಳಿದ್ದು ಅಂತ ನನಗೂ ಹೇಳಕೂಡದು, ಡಾಕ್ಟ್ರಿಗೂ ಹೇಳಕೂಡದು. ಹೇಳಿದೋರಿಗೆ ದಪ್ಪ ಸೂಜೀಲಿ ಚುಚ್ತೀನಿ.”

ಈ ಕೊನೆಯ ಮಾತು ಏಳೂ ಜನರ ಎದೆಯಲ್ಲಿ ಕಲ್ಲಿನಲ್ಲಿ ಕೆತ್ತಿದಂತೆ ಉಳಿಯಿತು.

ಮುಂದೆ ನಡೆದದ್ದು ಸೂಜಕ್ಕನಿಗೆ ತಿಳಿದದ್ದು ಬಹಳ ತಡವಾಗಿ. ಆದರೆ ಇಲ್ಲಿ ಈಗಲೇ ಹೇಳಿಬಿಡುವುದು ಒಳ್ಳೆಯದು.

ಮಿಕ್ಸಿ ಮತ್ತು ಕೊಕ್ಕರೆ ಜೋಡಿಯಾಗಿ ಹೊರಟರು. ಮೊದಲ ಮನೆ ಸುಲಭದ್ದಾಗಿರಲಿ ಎಂದು ರಸ್ತೆ ದಾಟಿ ಭಾವನ ಹೊಲಿಗೆ ಅಂಗಡಿಗೇ ಹೋದರು. ಸೂಜಕ್ಕನ ಗಂಡನಿಗೆ ಲಸಿಕೆಯ ಬಗ್ಗೆ ಹೇಳಲು ಏನಿದ್ದೀತು, ಫಾರಂ ತುಂಬುವುದಾದರೂ ರೂಢಿಯಾಗಲಿ ಎಂಬ ಲೆಕ್ಕಾಚಾರ. ಭಾವ ಶಾಲೆಯ ಸಮವಸ್ತ್ರದ ರಾಶಿಯ ನಡುವೆ, ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು ಕುಳಿತಿದ್ದ.

“ಭಾವ, ಟೀಟಿ ಇಂಜೆಕ್ಷನ್ ಕೊನೇ ಸಲ ಯಾವಾಗ ತಗೊಂಡ್ರಿ?” ಎಂದು ಮಿಕ್ಸಿ ಕೇಳಿದಳು.

ಭಾವ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ. “ಹೋದ್... ಅದೇ, ಆವಾಗ.”

“ಯಾವಾಗ? ಯಾವ ತಿಂಗಳು? ಬೆಳಿಗ್ಗೆನಾ ಸಾಯಂಕಾಲನಾ? ಎಡತೋಳಾ ಬಲತೋಳಾ? ನೋವಾಯ್ತಾ? ಯಾರು ಹಾಕಿದ್ದು?”

ಹದಿನಾಲ್ಕನೆಯ ಪ್ರಶ್ನೆಗೆ ಭಾವ ಸೋತ. ಎದ್ದು ಹೋಗಿ ಅಂಗಡಿಯ ಪರದೆ ಎಳೆದು, ಅರ್ಧ ಹೊಲಿದ ಅಂಗಿಯನ್ನು ಎದೆಗವಚಿಕೊಂಡು ಕುಳಿತ. “ಯಾವತ್ತೂ ಇಲ್ಲ,” ಎಂದ.

“ಯಾವತ್ತೂ ಅಂದ್ರೆ?”

“ಯಾವತ್ತೂ ಅಂದ್ರೆ ಯಾವತ್ತೂ. ಮಿಷನ್ ಸೂಜಿ ಬೆರಳಿಗೆ ಹೊಕ್ಕಾಗೆಲ್ಲ ನಿಮ್ಮಕ್ಕ ಟೀಟಿ ಹಾಕಿಸ್ಕೊಳ್ಳಿ ಅಂತಾಳೆ. ಅವ್ಳು ಮನೆಮನೆ ಭೇಟಿಗೆ ಹೋದ ದಿನ ನೋಡಿ, ಪಕ್ಕದೂರಿಂದ ಬರೋ ನರ್ಸ್ ಹತ್ರ ಹಾಕಿಸ್ಕೊಂಡೆ ಅಂತೀನಿ. ತೋಳಿಗೆ ಹತ್ತಿ ಅಂಟಿಸ್ಕೊಂಡು ಹೋಗ್ತೀನಿ. ಆರು ಸಲ ಆಯ್ತು.”

“ಹತ್ತಿ ಎಲ್ಲಿಂದ?” ಎಂದ ಕೊಕ್ಕರೆ. ಅವನಿಗೆ ಬೇರೇನೂ ಕೇಳಲು ತೋಚಲಿಲ್ಲ.

ಭಾವ ಕೋಟಿನ ಭುಜಕ್ಕೆ ತುಂಬುವ ಹತ್ತಿಯ ಚೀಲದ ಕಡೆ ಬೆರಳು ತೋರಿಸಿದ. ಆಮೇಲೆ ಇಬ್ಬರಿಗೂ ಕೈ ಮುಗಿದ. “ಅವ್ಳಿಗೆ ಹೇಳಬೇಡ್ರಪ್ಪ.”

ಹೇಳುವ ಹಾಗೇ ಇರಲಿಲ್ಲವಲ್ಲ. ‘ಕೆಲಸ’ ಎಂಬ ಜಾಗದಲ್ಲಿ ಹೊಲಿಗೆ ಎಂದು ಬರೆದರೆ ಗುಟ್ಟು ರಟ್ಟಾಗುತ್ತದೆಂದು, ಮಿಕ್ಸಿ ಸ್ವಲ್ಪ ಹೊತ್ತು ಪೆನ್ನು ಕಚ್ಚಿ, ‘ಇತರೆ’ ಎಂದು ಬರೆದಳು.

ಎರಡು ದಿನದ ಮೇಲೆ ಸೂಜಕ್ಕ ಫಾರಂಗಳನ್ನು ಗಟ್ಟಿಯಾಗಿ ಓದಲು ಕುಳಿತಳು. ಐದಾರು ಸಾದಾ ಫಾರಂ ಆದ ಮೇಲೆ ಇದು ಬಂತು.

“ಗಂಡಸು. ಐವತ್ತೆಂಟು. ಕೆಲಸ, ಇತರೆ. ಟೀಟಿ ಒಂದೂ ಇಲ್ಲ. ಹಾಕಿಸ್ಕೊಂಡಿದೀನಿ ಅಂತ ಹೆಂಡತಿಗೆ ಸುಳ್ಳು ಹೇಳಿ, ತೋಳಿಗೆ... ಏನಿದು? ಹತ್ತಿ?”

ಸೂಜಕ್ಕ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ, ಕೊನೆಗೆ ಕಣ್ಣಲ್ಲಿ ನೀರು ಬಂದು ಕನ್ನಡಕ ತೆಗೆಯುವಷ್ಟು. ಅವಳು ನಗುವುದನ್ನು ಆ ಮಕ್ಕಳು ಎಂದೂ ಕಂಡಿರಲಿಲ್ಲ.

“ಆರು ಸಲ. ಆರು ಸಲ ಹತ್ತಿ ನೋಡಿ ನಂಬಿದಾಳಲ್ಲ, ಎಂಥಾ ಪೆದ್ದಿ ಇರಬೇಕು ಅವ್ಳು? ಕಣ್ಣಿಗೆ ಏನು ಮಣ್ಣು ಬಿದ್ದಿತ್ತಾ?”

ಮಿಕ್ಸಿ ಕೈಚೀಲದ ಹಿಡಿಯನ್ನು ಬಾಯಿಗೆ ತುರುಕಿಕೊಂಡಳು. ಕೊಕ್ಕರೆ ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ, ಕಣ್ಣು ಪರೀಕ್ಷೆಯ ಪಟದ ಅಕ್ಷರಗಳನ್ನು ಬಹಳ ಶ್ರದ್ಧೆಯಿಂದ ಓದತೊಡಗಿದ.

ವಕೀಲನಿಗೆ ಏನೂ ಗೊತ್ತಿರಲಿಲ್ಲ. “ಹೆಂಡತಿ ತಪ್ಪು ಏನಿದೆ ಅಕ್ಕ? ನಂಬೋದು ತಪ್ಪಾ?” ಎಂದು ಅವಳ ಪಕ್ಷ ವಹಿಸಿದ.

“ತಪ್ಪಲ್ವೇನೋ? ಗಂಡ ಹೆದರ್ಕೋತಾನೆ ಅಂತ ಗೊತ್ತಾಗದಷ್ಟು ದೂರ ಇದಾಳಾ? ಒಂದೇ ಮನೇಲಿ ತಾನೇ ಇರೋದು?”

ಆ ಸಂಜೆ ಊಟಕ್ಕೆ ಕುಳಿತಾಗ ಸೂಜಕ್ಕ ಈ ಕತೆಯನ್ನು ಗಂಡನಿಗೂ ಹೇಳಿದಳು. “ಹೆಸರು ನನಗೂ ಗೊತ್ತಿಲ್ಲ ಬಿಡಿ. ಆದ್ರೆ ಐವತ್ತೆಂಟಂತೆ ರೀ, ನಿಮ್ಮ ಸರೀಕ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭಾವ ಮುಟ್ಟಿದ್ದು ತೋಳು. ತುತ್ತು ಅಡ್ಡದಾರಿ ಹಿಡಿದು ಕೆಮ್ಮು ಹತ್ತಿತು. ಅವಳು ಬೆನ್ನು ತಟ್ಟಿದಳು.

“ಪಾಪ,” ಎಂದ ಅವನು ಉಸಿರು ಬಂದ ಮೇಲೆ. “ಅವನದೂ ಏನೋ ಕಷ್ಟ ಇರುತ್ತೆ ಕಣೇ.”

“ಏನ್ ಕಷ್ಟ? ಹೇಡಿತನ.”

“ಹೇಡಿ ಅಂತ ಅನ್ಬೇಡ. ಪುಕ್ಕಲ ಅನ್ನು, ಸ್ವಲ್ಪ ಮೆತ್ತಗಿರುತ್ತೆ.”

ಸೂಜಕ್ಕನಿಗೆ ಗಂಡನ ದಯಾಗುಣ ಕಂಡು ಹೆಮ್ಮೆಯಾಯಿತು. ಮಾರನೆಯ ದಿನ ಮಿಕ್ಸಿಗೂ ಕೊಕ್ಕರೆಗೂ, “ಆ ಇತರೆಯವರ ಹತ್ರ ಎರಡನೇ ಸಲ ಹೋಗಿ, ಭಯ ಏನು ಅಂತ ಕೇಳ್ಕೊಂಡು ಬನ್ನಿ. ನಗಬೇಡಿ,” ಎಂದು ಕಳಿಸಿದಳು. ಅವರು ರಸ್ತೆ ದಾಟಿ ಹೋದದ್ದನ್ನು ಕಿಟಕಿಯಿಂದ ಕಂಡಳು. ಗಂಡನ ಅಂಗಡಿಯಲ್ಲಿ ಬಟನ್ ಹಾಕಿಸಲು ಹೋಗಿರಬೇಕೆಂದುಕೊಂಡಳು. ದೀಪದ ಬುಡ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಅರ್ಧ ಗಂಟೆಯ ಮೇಲೆ ಇಬ್ಬರೂ ಬಂದರು. ಮಿಕ್ಸಿಯ ಮುಖದಲ್ಲಿ ನಗುವಿರಲಿಲ್ಲ.

“ಸೂಜಿ ಭಯ ಅಲ್ವಂತೆ ಅಕ್ಕ. ದಿನಾ ಸೂಜಿ ಜೊತೇಲೇ...” ಎಂದು ನಾಲಿಗೆ ಕಚ್ಚಿಕೊಂಡು, “ದಿನಾ ಸೂಜಿ ಬಗ್ಗೆ ಯೋಚ್ನೆ ಮಾಡಿ ಅಭ್ಯಾಸ ಆಗಿದೆಯಂತೆ. ಅವ್ರಿಗೆ ಭಯ ಇರೋದು ಚುಚ್ಚೋರ ಮುಖ ನೋಡಿದ್ರೆ,” ಎಂದಳು.

“ಯಾರು ಚುಚ್ಚೋದು?”

ಹೇಳಬಾರದ್ದನ್ನು ಹೇಳುವ ಕೆಲಸ ಎಂದಿನಂತೆ ವಕೀಲನ ಪಾಲಿಗೆ ಬಂತು. “ಊರಲ್ಲಿ ಚುಚ್ಚೋರು ಹೆಚ್ಚುಕಡಿಮೆ ಒಬ್ರೇ ಅಲ್ವಾ ಅಕ್ಕ,” ಎಂದ.

ಸೂಜಕ್ಕ ಏಳೂ ಮುಖಗಳನ್ನು ನೋಡಿದಳು. ಏಳೂ ಮುಖ ನೆಲ ನೋಡುತ್ತಿದ್ದವು. “ನಿಮಗೂ ಹಂಗೇ ಅನ್ಸುತ್ತಾ?”

ಕೊಕ್ಕರೆ ಮೆಲ್ಲಗೆ, “ನಾನು ಈಗ್ಲೂ ನಿಮ್ಮನ್ನ ನೋಡಿದ್ರೆ ಬೀದಿ ಬದಲಾಯಿಸ್ತೀನಿ. ಟ್ರೇನಿಂಗಿಗೆ ಬರೋವಾಗ ಮಾತ್ರ ಬದಲಾಯಿಸಲ್ಲ. ಬೇರೆ ದಾರಿ ಇಲ್ಲ ಅಲ್ವಾ,” ಎಂದ.

ಅವಳು ಕೆಳಗಿಳಿದು ಹೋದಳು. ತೊಳೆದಿಟ್ಟಿದ್ದ ತಟ್ಟೆಗಳನ್ನು ಮತ್ತೆ ತೊಳೆದಳು. ಅವನ್ನೇ ಇನ್ನೊಮ್ಮೆ ತೊಳೆದಳು. ಕೈತೊಳೆಯುವ ತೊಟ್ಟಿಯ ಮೇಲಿನ ಕನ್ನಡಿಯಲ್ಲಿ, ಸೂಜಿ ಹಿಡಿದಂತೆ ಬೆರಳು ಮಡಚಿ ಮುಖ ನೋಡಿಕೊಂಡಳು. ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು. ಒಂದು ಹೆಜ್ಜೆ ಹಿಂದೆ ಸರಿದಳು. ಅವಳಿಗೇ ಹೆದರಿಕೆಯಾಗಿತ್ತು.

ಅಂದು ರಾತ್ರಿ ಅವಳು ಸರಿಯಾಗಿ ಉಣ್ಣಲಿಲ್ಲ. ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಉಗ್ರಾಣಕ್ಕೆ ಬಂದು, ಮಕ್ಕಳು ಬರುತ್ತಲೂ ತಾನೇ ಹೋಗಿ ಬೆಂಚಿನ ಮೇಲೆ ಕುಳಿತಳು. “ಸರಿ. ಈಗ ನನಗೆ ಟ್ರೇನಿಂಗ್ ಕೊಡಿ.”

ಮೊದಲು ನಗುವುದನ್ನು ಕಲಿಸಲು ನೋಡಿದರು. “ಹಲ್ಲು ಜಾಸ್ತಿ ಆಯ್ತು ಅಕ್ಕ,” ಎಂದ ವಕೀಲ. ಕಡಿಮೆ ಮಾಡಿದರೆ ಹಲ್ಲುನೋವಿನವರ ಹಾಗೆ ಕಾಣುತ್ತಿತ್ತು. ಹುಬ್ಬು ಬಿಚ್ಚಿಸಿದರೆ ಸೂಜಿಯ ಗುರಿ ತಪ್ಪುತ್ತಿತ್ತು. ಅಭ್ಯಾಸಕ್ಕೆ ಇಟ್ಟಿದ್ದ ದಿಂಬಿಗೆ ಬದಲು ಬೆಂಚಿಗೆ ಚುಚ್ಚಿದಳು. ಒಂದು ಗಂಟೆಯ ಮೇಲೆ ಮಿಕ್ಸಿಗೆ ಹೊಳೆಯಿತು. “ಮುಖ ಬಿಟ್ಟಾಕಿ ಅಕ್ಕ. ಬೀರು ಹಿಂದೆ ಮಾತಾಡ್ತೀರಲ್ಲ, ಹಂಗೆ ಮಾತಾಡ್ತಾ ಚುಚ್ಚಿ.”

ಲಸಿಕೆಯ ದಿನ ಮೊದಲು ಬಂದದ್ದು ನಾಲ್ಕು ವರ್ಷದ ಒಂದು ಹುಡುಗಿ. ಬಾಗಿಲ ಚೌಕಟ್ಟನ್ನು ಎರಡು ಕೈಯಲ್ಲಿ ಹಿಡಿದುಕೊಂಡಿತ್ತು, ತಾಯಿ ಸೊಂಟ ಹಿಡಿದು ಎಳೆಯುತ್ತಿದ್ದಳು. ಸೂಜಕ್ಕ ಸೂಜಿ ಸಿದ್ಧಮಾಡಿಕೊಂಡು ಗಿಡ್ಡ ಮಣೆಯ ಮೇಲೆ ಕುಳಿತು, ಇದ್ದಕ್ಕಿದ್ದಂತೆ ಬೀರುವಿನ ಮುದುಕನಾದಳು. “ಅಯ್ಯಯ್ಯೋ, ಬೇಡಪ್ಪಾ, ನಂಗೆ ಸೂಜಿ ಕಂಡ್ರೆ ಆಗಲ್ಲ. ನಾನು ಮನೆಗೆ ಹೋಗ್ತೀನಿ. ಕೆಮ್ಮು ಬೇರೆ.”

ಹುಡುಗಿ ಚೌಕಟ್ಟು ಬಿಟ್ಟಿತು. ಹತ್ತಿರ ಬಂದು ನೋಡಿತು. ಇದೇ ಸೂಜಕ್ಕನೇ ಎಂದು ತಾಯಿಯ ಮುಖ ನೋಡಿತು. “ಅಳ್ಬೇಡ ತಾತ,” ಎಂದಿತು ಕೊನೆಗೆ. “ಒಂದೇ ಸಲ ಚುಚ್ಚೋದು.”

“ನೀನು ನನ್ನ ಕೈ ಹಿಡ್ಕೋತೀಯಾ?”

ಹುಡುಗಿ ಕೈ ಹಿಡಿದುಕೊಂಡು ಸೂಜಕ್ಕನನ್ನು ಸಮಾಧಾನ ಮಾಡುತ್ತಿದ್ದಾಗಲೇ ಅದಕ್ಕೆ ಚುಚ್ಚಿ ಆಗಿತ್ತು. ಹೊರಗೆ ಕಾದಿದ್ದವರಿಗೆ ಅಳುವಿನ ಬದಲು ನಗು ಕೇಳಿ, ಏನಾಯಿತೆಂದು ಗಾಬರಿಯಾಗಿ ಎಲ್ಲರೂ ಬಾಗಿಲಿಗೆ ಬಂದರು. ಆಮೇಲೆ ಸಾಲು ಬೆಳೆಯಿತು. ಮನೆಯಿಂದ ಮನೆಗೆ ಸುದ್ದಿ ಮುಟ್ಟಿಸಲು ಉಳಿದ ಹುಡುಗರಿದ್ದರು. ಮಧ್ಯಾಹ್ನದ ಹೊತ್ತಿಗೆ ಮೂವತ್ತಾರು ಮಕ್ಕಳು ಬಂದಿದ್ದರು. ಕೆಲವರು ಇನ್ನೊಂದು ಸಲ ಸಾಲಿನಲ್ಲಿ ನಿಂತಾಗ, ‘ನಿಮ್ಮದು ಆಯ್ತಲ್ಲ’ ಎಂದು ಡಾಕ್ಟರಮ್ಮ ಹಿಂದಕ್ಕೆ ಕಳಿಸಬೇಕಾಯಿತು.

ಎಲ್ಲ ಮುಗಿಯುವ ಹೊತ್ತಿಗೆ ಮಿಕ್ಸಿಯೂ ಕೊಕ್ಕರೆಯೂ ಮೂರನೆಯ ಭೇಟಿಗೆ ಹೋದರು. ಅಂಗಡಿಯಿಂದ ಕೇಂದ್ರಕ್ಕೆ ಮೂವತ್ತು ಹೆಜ್ಜೆ. ಅದಕ್ಕೆ ಭಾವ ಇಪ್ಪತ್ತು ನಿಮಿಷ ತೆಗೆದುಕೊಂಡ. ಬೀಗ ಹಾಕಿದ್ದು ಸರಿಯೋ ಎಂದು ಎರಡು ಸಲ ತಿರುಗಿ ಹೋದ. ಇಸ್ತ್ರಿಪೆಟ್ಟಿಗೆ ಆರಿಸಿದೆನೋ ಇಲ್ಲವೋ ಎಂದು ಮೂರನೆಯ ಸಲ ಹೋದ. ಕೊನೆಗೆ ಒಂದು ಪಕ್ಕ ಕೊಕ್ಕರೆ, ಒಂದು ಪಕ್ಕ ಮಿಕ್ಸಿ ತೋಳು ಹಿಡಿದು ನಡೆಸಿಕೊಂಡು ಬಂದು ಕುರ್ಚಿಯ ಮೇಲೆ ಕೂರಿಸಿದರು.

ಸೂಜಕ್ಕ ತಲೆ ಬಗ್ಗಿಸಿ ರಿಜಿಸ್ಟರ್ ಬರೆಯುತ್ತಿದ್ದ ಹಾಗೆಯೇ ಕೇಳಿದಳು. “ವಯಸ್ಸು?”

“ಐವತ್ತೆಂಟು.”

“ಕೆಲಸ?”

“ಇತರೆ.”

ಪೆನ್ನು ನಿಂತಿತು. ಮೂವತ್ತು ವರ್ಷ ಪಕ್ಕದಲ್ಲಿ ಗೊರಕೆ ಹೊಡೆದ ಗಂಟಲು ಅದು. ಪೆದ್ದಿ, ಕಣ್ಣಿಗೆ ಮಣ್ಣು, ಒಂದೇ ಮನೆ... ತಾನು ಆ ಹೆಂಡತಿಯನ್ನು ಅಂದದ್ದೆಲ್ಲ ಸಾಲುಗಟ್ಟಿ ವಾಪಸು ಬರುತ್ತಿತ್ತು.

“ಹತ್ತಿ?” ಎಂದಳು.

“ಭುಜಕ್ಕೆ ತುಂಬೋದು,” ಎಂದ ಭಾವ. “ಒಳ್ಳೇ ಜಾತಿದು ಕಣೇ.”

ಸೂಜಕ್ಕ ಮಿಕ್ಸಿಯ ಕಡೆ ತಿರುಗಿದಳು. “ಒಂದು ಮಾತು ಬಾಯಿ ಬಿಡ್ಲಿಲ್ಲವಲ್ಲೇ ನೀನು. ನೀನು.”

“ಮನೆಯೊಳಗೆ ಕೇಳಿದ್ದು ಮನೆಯೊಳಗೇ ಅಂದಿದ್ರಲ್ಲ ಅಕ್ಕ.”

“ಅದು ನನ್ನ ಮನೆ ಕಣೇ.”

“ಯಾರ ಮನೆ ಅಂತ ಬರೆಯೋಕೆ ಫಾರಂನಲ್ಲಿ ಜಾಗ ಇರ್ಲಿಲ್ಲ,” ಎಂದಳು ಮಿಕ್ಸಿ.

ಬೈಯಲು ಬಾಯಿ ತೆರೆದ ಸೂಜಕ್ಕ ಮುಚ್ಚಿಕೊಂಡಳು. ತಾನು ಕಲಿಸಿದ್ದನ್ನು ಇಷ್ಟು ಅಚ್ಚುಕಟ್ಟಾಗಿ ಕಲಿತವರನ್ನು ಯಾವ ಬಾಯಲ್ಲಿ ಬೈಯುವುದು? ಸೂಜಿ ಸಿದ್ಧಮಾಡಿಕೊಂಡು ಮಣೆಯ ಮೇಲೆ ಕುಳಿತಳು. ಮುದುಕನಾಗಲು ನೋಡಿದಳು, ಮುದುಕ ಬರಲಿಲ್ಲ. ಜಗಳಗಂಟಿಯೂ ಬರಲಿಲ್ಲ. ಸುಮ್ಮನೆ ತನ್ನದೇ ದನಿಯಲ್ಲಿ, “ನಂಗೂ ಭಯ ಆಗ್ತಿದೆ ರೀ. ಎಲ್ಲಿ ನೋವು ಮಾಡ್ತೀನೋ ಅಂತ,” ಎಂದಳು. ಅದು ನಟನೆಯಾಗಿರಲಿಲ್ಲ.

ಭಾವನಿಗೆ ತನ್ನ ಭಯ ಮರೆತುಹೋಯಿತು. “ಏಯ್, ನಿಂಗೇನೇ ಭಯ? ನಾನಿದೀನಲ್ಲ. ಎಷ್ಟು ಜನಕ್ಕೆ ಹಾಕಿಲ್ಲ ನೀನು? ಉಸಿರು ತಗೋ. ನಿಧಾನಕ್ಕೆ ಹಾಕು, ಏನೂ ಆಗಲ್ಲ.”

“ಆಯ್ತು,” ಎಂದಳು ಅವಳು.

“ಏನಾಯ್ತು?”

“ಹಾಕಿ ಆಯ್ತು.”

ಭಾವ ತೋಳು ನೋಡಿಕೊಂಡ. ಹತ್ತಿ ಇತ್ತು, ಈ ಸಲ ಕೇಂದ್ರದ್ದೇ. ಆಮೇಲೆ ತಟ್ಟೆಯಲ್ಲಿದ್ದ ಸೂಜಿ ನೋಡಿದ. “ಇಷ್ಟುದ್ದಾನಾ?” ಎಂದು ಹೇಳುತ್ತಲೇ ಕಣ್ಣು ಮೇಲೆ ಮಾಡಿ ಕೊಕ್ಕರೆಯ ಮೇಲೆ ಒರಗಿದ. ಕೊಕ್ಕರೆ ಉದ್ದವಿದ್ದನೇ ಹೊರತು ಗಟ್ಟಿಯಿರಲಿಲ್ಲ. ಇಬ್ಬರೂ ಮಡಚಿಕೊಂಡು ಬಾಗಿಲ ಪರದೆಯ ಸಮೇತ ನೆಲಕ್ಕಿಳಿದರು. ಡಾಕ್ಟರಮ್ಮ ಓಡಿ ಬಂದು ಯಾರ ನಾಡಿ ಹಿಡಿಯಬೇಕೆಂದು ತಿಳಿಯದೆ ಕೊಕ್ಕರೆಯದನ್ನು ಹಿಡಿದಳು.

ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ನಡೆದು ಹೋಗುವಾಗ ಸೂಜಕ್ಕ ಕೇಳಿದಳು. “ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?”

“ದಿನಾ ನೀನು ಮನೆಗೆ ಬಂದು, ಇವತ್ತು ಇಷ್ಟು ಮಕ್ಕಳು ಅತ್ತವು ಅಂತ ಲೆಕ್ಕ ಒಪ್ಪಿಸ್ತಿದ್ದೆ. ಅದ್ರಲ್ಲಿ ನನ್ನ ಹೆಸರೂ ಸೇರಿಸ್ತೀಯ ಅಂತ.”

“ನೀವು ಅಳ್ಲಿಲ್ಲ ಇವತ್ತು,” ಎಂದಳು.

“ಅಳೋಕೆ ಟೈಮೇ ಕೊಡ್ಲಿಲ್ವಲ್ಲ ನೀನು.”

ಮಾರನೆಯ ದಿನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ‘ಚುಚ್ಚುಮದ್ದಿನ ಕಾರಣ ರಜೆ’ ಎಂದು ಚೀಟಿ ತೂಗುತ್ತಿತ್ತು. ಭಾವ ಬಾಗಿಲ ಮುಂದೆಯೇ ಕುರ್ಚಿ ಹಾಕಿಕೊಂಡು, ತೋಳನ್ನು ದಿಂಬಿನ ಮೇಲಿಟ್ಟು ಕುಳಿತಿದ್ದ. ಬಟ್ಟೆ ಕೇಳಲು ಬಂದವರಿಗೆಲ್ಲ ಲಸಿಕೆಯ ವಿಷಯದಲ್ಲಿ ಅರ್ಧ ಗಂಟೆ ಭಾಷಣ. ತಾನು ಕಣ್ಣು ಕೂಡ ಮಿಟುಕಿಸಲಿಲ್ಲವೆಂದೂ, ಕೊಕ್ಕರೆಯೇ ಪಾಪ ತಲೆತಿರುಗಿ ಬಿದ್ದನೆಂದೂ ಹೇಳುತ್ತಿದ್ದ. ಹಣೆಗೆ ಪಟ್ಟಿ ಕಟ್ಟಿಕೊಂಡ ಕೊಕ್ಕರೆ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದ. ಆ ಭಾಷಣ ಕೇಳಿ ಎರಡು ದಿನದಲ್ಲಿ ಹನ್ನೊಂದು ದೊಡ್ಡವರು ಅಂಗಿಯ ತೋಳು ಮಡಚಿಕೊಂಡು ಕೇಂದ್ರಕ್ಕೆ ಬಂದರು. ಅದರಲ್ಲಿ ನಾಲ್ಕು ಜನ ತಮ್ಮ ತಮ್ಮ ಹೆಂಡತಿಯರಿಗೆ ಗೊತ್ತಾಗದಂತೆ ಹಾಕಬೇಕೆಂದು ಬೇಡಿಕೊಂಡರು.

ಮೂರನೆಯ ದಿನ ಶಾಲೆಯ ಮೇಷ್ಟ್ರು ಬಂದು ಸಮವಸ್ತ್ರ ಎಲ್ಲಿ ಎಂದು ಗಲಾಟೆ ಮಾಡಿದರು. ಸೂಜಕ್ಕ ರಸ್ತೆ ದಾಟಿ ಬಂದು, ಚೀಟಿ ಕಿತ್ತು, ಅಂಗಡಿಯ ಬೀಗ ತೆಗೆದು, ಗಂಡನನ್ನು ಮಿಷನ್ನಿನ ಮುಂದೆ ಕೂರಿಸಿದಳು. ಭಾಷಣವನ್ನು ಬೇಕಾದರೆ ಹೊಲಿಯುತ್ತಾ ಮುಂದುವರಿಸಿ ಎಂದಳು. ಅವನು ಮುಂದುವರಿಸಿದ.